ದಾಸರಹಳ್ಳಿಯಲ್ಲಿ ದೃಷ್ಟಿ ತೆಗೆಯುವ ಹೊತ್ತು

ತುಮಕೂರು ರಸ್ತೆಯಲ್ಲಿ ಬೆಂಗಳೂರು ಎಲ್ಲಿ ಮುಗಿಯುತ್ತದೆ ಎಂದು ಕೇಳಿದರೆ ಒಬ್ಬೊಬ್ಬ ಅಜ್ಜ ಒಂದೊಂದು ಊರಿನ ಹೆಸರು ಹೇಳುತ್ತಾರೆ. ನಾನು ಹುಡುಗನಾಗಿದ್ದಾಗ ಯಶವಂತಪುರ ದಾಟಿದರೆ ಊರು ಮುಗಿಯಿತು ಎನ್ನುತ್ತಿದ್ದರು. ಆಮೇಲೆ ಪೀಣ್ಯದ ಕಾರ್ಖಾನೆಗಳು ಬಂದವು. ಅದರ ಪಕ್ಕದ ಟಿ. ದಾಸರಹಳ್ಳಿ ಬೆಳೆದು ತನ್ನದೇ ನಗರಸಭೆ ಪಡೆಯಿತು. 2007ರಲ್ಲಿ ಅದೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋಯಿತು. 2015ರ ಮೇ 1ರಿಂದ ಮೆಟ್ರೊ ರೈಲು ದಾಸರಹಳ್ಳಿಯನ್ನು ಹಾದು ನಾಗಸಂದ್ರಕ್ಕೆ ಓಡತೊಡಗಿತು. 2024ರ ನವೆಂಬರಿನಲ್ಲಿ ಅದೇ ಹಸಿರು ಮಾರ್ಗ ಮಾದಾವರ ಮುಟ್ಟಿತು. ಈಗ ಊರು ಎಲ್ಲಿ ಮುಗಿಯುತ್ತದೆ ಎಂದು ಮೊಮ್ಮಗ ಕೇಳಿದರೆ ನಾನು ನಕ್ಕು ಸುಮ್ಮನಾಗುತ್ತೇನೆ.

ಪೀಣ್ಯ ಏಷ್ಯಾದ ದೊಡ್ಡ ಕೈಗಾರಿಕಾ ಪ್ರದೇಶಗಳಲ್ಲಿ ಒಂದು. ಅಲ್ಲಿ ಲೇತ್ ಮೇಲೆ ಕೆಲಸ ಮಾಡುವವರು, ಗಾರ್ಮೆಂಟ್ಸಿನಲ್ಲಿ ಹೊಲಿಯುವವರು, ಲಾರಿಗೆ ಮಾಲು ತುಂಬುವವರು ದಾಸರಹಳ್ಳಿಯ ಅಡ್ಡರಸ್ತೆಗಳಲ್ಲಿ ಬಾಡಿಗೆ ಮನೆ ಹಿಡಿದಿದ್ದಾರೆ. ತುಮಕೂರು, ಹಾಸನ, ಮಂಡ್ಯದವರ ಪಕ್ಕದಲ್ಲಿ ರಾಯಚೂರು, ಕಲಬುರಗಿಯವರು; ಅವರ ಪಕ್ಕದಲ್ಲಿ ಬಿಹಾರ, ಒಡಿಶಾದವರು. 30×40ರ ಒಂದು ಸೈಟಿನಲ್ಲಿ ನಾಲ್ಕು ಅಂತಸ್ತು, ಅಂತಸ್ತಿಗೆ ಎರಡು ಮನೆ. ಒಂದು ಮನೆಗೆ ಹೊಸ ಫ್ರಿಜ್ಜು ಬಂದರೆ ಉಳಿದ ಏಳು ಮನೆಯವರೂ ಬಾಗಿಲಿಗೆ ಬಂದು ನೋಡುತ್ತಾರೆ. ಇಂಥ ಕಡೆ ‘ಕಣ್ಣು ಬಿತ್ತು’ ಎಂಬ ಮಾತು ದಿನಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ.

ಮಕ್ಕಳೇ, ಈ ವಾರ ನಾನು ನಿಮ್ಮನ್ನು ಕೋಟೆಗೂ ಜಲಪಾತಕ್ಕೂ ಕರೆದುಕೊಂಡು ಹೋಗುತ್ತಿಲ್ಲ. ದಾಸರಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದು, ಗುರುವಾರದ ಒಂದು ಸಂಜೆ, ನಿಧಾನವಾಗಿ ಒಂದು ಗಂಟೆ ನಡೆಯೋಣ. ಅಜ್ಜ ಅಜ್ಜಿಯರೂ ಜೊತೆಗೆ ಬರಬಹುದು. ನಮ್ಮದು ಅವಸರದ ನಡಿಗೆಯಲ್ಲ. ನೋಡಬೇಕಾದದ್ದು ಒಂದೇ: ನಮ್ಮ ಮುಸ್ಲಿಂ ನೆರೆಯವರು ‘ನಜರ್’ ಎನ್ನುವ, ನಾವು ‘ದೃಷ್ಟಿ’ ಎನ್ನುವ ಸಂಗತಿ.

ಬೀದಿಯುದ್ದಕ್ಕೂ ಕಣ್ಣು

ಹೆದ್ದಾರಿಯ ಅಂಚಿನಿಂದಲೇ ಶುರುಮಾಡಬಹುದು. ಪುಣೆ, ಮುಂಬೈ ಕಡೆಗೆ ಹೊರಟ ಲಾರಿಗಳ ಹಿಂಭಾಗ ನೋಡಿ. ಕಪ್ಪು ಕುಚ್ಚು, ಹಳೆಯ ಚಪ್ಪಲಿ, ಕೆಟ್ಟ ಕಣ್ಣಿನವನ ಮುಖ ಕಪ್ಪಾಗಲಿ ಎಂದು ಹಿಂದಿಯಲ್ಲೊಂದು ಶಾಪ. ಅಡ್ಡರಸ್ತೆಗೆ ತಿರುಗಿದರೆ ಕಟ್ಟುತ್ತಿರುವ ಮನೆಯ ಮುಂದೆ ಕೋರೆಹಲ್ಲಿನ ರಾಕ್ಷಸನ ಮುಖ, ಕಟ್ಟಿ ಮುಗಿದ ಮನೆಗೆ ಬೂದುಗುಂಬಳಕಾಯಿ. ಅಂಗಡಿಯ ಬಾಗಿಲಿಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ. ಕಂಕುಳಲ್ಲಿರುವ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು. ಆಟೊದ ಗಾಜಿನ ಮೇಲೆ ‘ಮಾಶಾ ಅಲ್ಲಾಹ್’ ಎಂಬ ಅಂಟುಚೀಟಿ. ಕಾಲೇಜು ಹುಡುಗಿಯ ಕೈಯಲ್ಲಿ ನೀಲಿ ಗಾಜಿನ ಕಣ್ಣಿರುವ ಬಳೆ. ಆ ನೀಲಿ ಕಣ್ಣು ತುರ್ಕಿ ದೇಶದ ವಾಡಿಕೆ. ಅಲ್ಲಿ ಅದನ್ನು ಮನೆಯ ಬಾಗಿಲಿಗೂ ಕೂಸಿನ ಅಂಗಿಗೂ ಸಿಕ್ಕಿಸುತ್ತಾರೆ.

ಕನ್ನಡದ ‘ದೃಷ್ಟಿ’ ಎಂದರೆ ನೋಟ. ಬೆಂಗಳೂರಿನ ಮುಸ್ಲಿಮರ ಮನೆಮಾತಾದ ದಖ್ಖನಿಯ ‘ನಜರ್’ ಎಂದರೂ ನೋಟವೇ. ಅರಬಿಯಲ್ಲಿ ಇದಕ್ಕೆ ‘ಐನ್’ ಎನ್ನುತ್ತಾರೆ; ಅದರ ಅರ್ಥ ಕಣ್ಣು. ಮೂರು ಪದಗಳಲ್ಲಿ ಯಾವುದರಲ್ಲೂ ‘ಕೆಟ್ಟದ್ದು’ ಎಂಬ ಅರ್ಥವಿಲ್ಲ. ಬರೀ ನೋಟವೇ ಹೇಗೋ ಕೆಡುಕಾಗಿಬಿಡುತ್ತದೆ ಎಂಬ ಭಯ ಮಾತ್ರ ಎಲ್ಲೆಡೆಯೂ ಇದೆ. ನಾನು ಬ್ಯಾಂಕಿನ ಕೌಂಟರಿನಲ್ಲಿದ್ದಾಗ ಹಿಂದೂ, ಮುಸ್ಲಿಂ ಎಂಬ ಭೇದವಿಲ್ಲದೆ ಹಲವರು ಪಾಸ್‌ಬುಕ್ ಮೇಲೆ ಅಂಗೈ ಮುಚ್ಚಿ, “ಬಾಯಲ್ಲಿ ಹೇಳ್ಬೇಡಿ ಸಾರ್, ಬರೆದು ಕೊಡಿ” ಎನ್ನುತ್ತಿದ್ದರು. ಇದ್ದ ಹಣ ಸಾವಿರವೋ ಎರಡು ಸಾವಿರವೋ ಇರುತ್ತಿತ್ತು. ಕಷ್ಟಪಟ್ಟು ಕೂಡಿಟ್ಟವರಿಗೆ ಅದೇ ದೊಡ್ಡ ನಿಧಿ.

ಬಾಗಿಲ ಮೇಲಿನ ಎರಡು ಪದ

ಇನ್ನೂ ಸ್ವಲ್ಪ ಒಳಗೆ ಹೋದರೆ ಕೆಲವು ಮನೆಗಳ ಬಾಗಿಲ ಮೇಲೆ ಹಸಿರು ಅಥವಾ ಬಂಗಾರದ ಬಣ್ಣದ ಹಲಗೆ ಕಾಣುತ್ತದೆ. ಅರಬಿಯಲ್ಲಿ ಅದೇ ಮಾತು: ಮಾಶಾ ಅಲ್ಲಾಹ್. ‘ದೇವರ ಇಚ್ಛೆಯಂತೆ ಆದದ್ದು’ ಎಂದು ಅದರ ಭಾವ. ನೋಡುವವರ ಕಣ್ಣನ್ನು ತಡೆಯಲು ಹಾಕಿದ್ದು ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಈ ಮಾತು ಬರುವ ಕಥೆ ಬೇರೆ ಏನನ್ನೋ ಹೇಳುತ್ತದೆ.

ಕುರ್‌ಆನಿನ 18ನೇ ಅಧ್ಯಾಯದಲ್ಲಿ ಇಬ್ಬರ ಕಥೆಯಿದೆ. ಒಬ್ಬನಿಗೆ ಎರಡು ದ್ರಾಕ್ಷಿ ತೋಟಗಳು. ಸುತ್ತ ಖರ್ಜೂರದ ಮರಗಳು, ನಡುವೆ ಬೆಳೆ, ಹರಿಯುವ ನೀರು. ಅವನು ತೋಟಕ್ಕೆ ಕಾಲಿಟ್ಟು, ಇದು ಎಂದಿಗೂ ಹಾಳಾಗದು, ನಿನಗಿಂತ ನಾನೇ ದೊಡ್ಡವನು ಎಂದು ಗೆಳೆಯನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಾನೆ. ತೋಟದೊಳಗೆ ಬರುವಾಗ ಇದು ದೇವರು ಕೊಟ್ಟದ್ದು ಎಂದು ನೀನು ಯಾಕೆ ಅನ್ನಲಿಲ್ಲ ಎಂದು ಆ ಬಡ ಗೆಳೆಯ ಕೇಳುತ್ತಾನೆ. ಕೊನೆಗೆ ತೋಟ ನಾಶವಾಗುತ್ತದೆ. ಯಜಮಾನ ತಾನು ಖರ್ಚು ಮಾಡಿದ್ದನ್ನು ನೆನೆದು ಕೈ ಕೈ ಹಿಸುಕಿಕೊಳ್ಳುತ್ತಾನೆ.

ಗಮನಿಸಿದಿರಾ? ಆ ಮಾತನ್ನು ಹೇಳಬೇಕಾಗಿದ್ದವನು ನೋಡಲು ಬಂದ ಬಡವನಲ್ಲ, ತೋಟದ ಯಜಮಾನ. ಅಂದರೆ ಬಾಗಿಲ ಮೇಲಿನ ಹಲಗೆಯನ್ನು ಮೊದಲು ಓದಬೇಕಾದವರು ಆ ಮನೆಯವರೇ. ನಮ್ಮಲ್ಲೂ ಹೆತ್ತ ತಾಯಿಯ ಕಣ್ಣೇ ಮಗುವಿಗೆ ತಾಗುತ್ತದೆ ಎನ್ನುವುದಿಲ್ಲವೇ? ತನ್ನಲ್ಲಾಗಲಿ, ತನ್ನ ಆಸ್ತಿಯಲ್ಲಾಗಲಿ, ತನ್ನ ಸಹೋದರನಲ್ಲಾಗಲಿ ಮೆಚ್ಚುವಂಥದ್ದು ಕಂಡರೆ ಅದಕ್ಕೆ ಶುಭ ಕೋರಬೇಕು ಎಂದು ಪೈಗಂಬರ್ ಮುಹಮ್ಮದರು ಹೇಳಿದ್ದಾಗಿ ಹದೀಸ್ ಸಂಗ್ರಹಗಳಲ್ಲಿದೆ. ಪೈಗಂಬರರ ಮಾತು ಮತ್ತು ನಡೆಯ ದಾಖಲೆಗೆ ಹದೀಸ್ ಎನ್ನುತ್ತಾರೆ.

ಗುರುವಾರದ ಹೊಗೆ

ಗುರುವಾರವೇ ಯಾಕೆ ಹೊರಟೆವು ಎಂದರೆ, ಆ ಸಂಜೆ ಅಂಗಡಿ ಬೀದಿಯಲ್ಲಿ ಫಕೀರರು ಬರುತ್ತಾರೆ. ಇಸ್ಲಾಮೀ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಹಾಗಾಗಿ ಗುರುವಾರದ ಸಂಜೆಗೇ ಶುಕ್ರವಾರ ಬಂದಂತೆ. ಆ ದಿನವನ್ನು ಜುಮೇರಾತ್ ಎನ್ನುತ್ತಾರೆ. ಒಂದು ಕೈಯಲ್ಲಿ ಕೆಂಡದ ಧೂಪದಾನಿ, ಇನ್ನೊಂದರಲ್ಲಿ ನವಿಲುಗರಿಯ ಕಟ್ಟು. ಅಂಗಡಿಯ ಮೂಲೆಮೂಲೆಗೆ ಲೋಬಾನದ ಹೊಗೆ ಬೀಸಿ, ಗಲ್ಲಾಪೆಟ್ಟಿಗೆಗೆ ಒಮ್ಮೆ ಬೀಸಿ, ಕೂತವರ ತಲೆಗೆ ನವಿಲುಗರಿ ತಾಗಿಸಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಗಣೇಶನ ಪಟವಿರುವ ಅಂಗಡಿಯವರೂ ಎದ್ದು ನಿಂತು ಹೊಗೆ ತೆಗೆದುಕೊಂಡು, ಹತ್ತು ರೂಪಾಯಿ ಕೊಡುತ್ತಾರೆ.

ಈ ಲೋಬಾನವೇ ನಮ್ಮ ಸಾಂಬ್ರಾಣಿ. ಸುಮಾತ್ರಾದಂಥ ಆಗ್ನೇಯ ಏಷ್ಯಾದ ನಾಡುಗಳಲ್ಲಿ ಬೆಳೆಯುವ ಒಂದು ಬಗೆಯ ಮರದ ತೊಗಟೆ ಗೀರಿದಾಗ ಒಸರುವ ಅಂಟು ಇದು. ಅರಬ್ ವ್ಯಾಪಾರಿಗಳು ಇದನ್ನು ‘ಲುಬಾನ್ ಜಾವಿ’, ಅಂದರೆ ಜಾವಾದ ಧೂಪ ಎಂದು ಕರೆದರು. ಆ ಹೆಸರು ಯುರೋಪಿಗೆ ಹೋಗುತ್ತ ಸವೆದು ‘ಬೆಂಜೊಯಿನ್’ ಆಯಿತು. ದಾಸರಹಳ್ಳಿಯ ದಿನಸಿ ಅಂಗಡಿಯ ಹೊಗೆಯ ಹಿಂದೆ ಸಮುದ್ರ ದಾಟಿದ ಇಷ್ಟು ದೊಡ್ಡ ವ್ಯಾಪಾರವಿದೆ.

ಮಸೀದಿಯ ಬಾಗಿಲಲ್ಲಿ

ಹೊತ್ತು ಮುಳುಗುವ ಮುನ್ನ ನಾವು ಮಸೀದಿಯ ಹತ್ತಿರ ಇರಬೇಕು. ಮಗ್ರಿಬ್ ಎಂಬ ಸಂಜೆಯ ನಮಾಜು ಸೂರ್ಯ ಮುಳುಗಿದೊಡನೆ ನಡೆಯುತ್ತದೆ. ಬೆಂಗಳೂರಿನಲ್ಲಿ ಚಳಿಗಾಲದಲ್ಲಿ ಆರರ ಆಸುಪಾಸು, ಬೇಸಿಗೆಯಲ್ಲಿ ಆರೂಮುಕ್ಕಾಲರ ಹೊತ್ತು. ಗೇಟಿನ ಹೊರಗೆ ಹತ್ತು ಹದಿನೈದು ಹೆಂಗಸರು ನಿಂತಿರುತ್ತಾರೆ. ಕೆಲವರು ಬುರ್ಖಾದಲ್ಲಿ, ಕೆಲವರು ಹಣೆಗೆ ಕುಂಕುಮವಿಟ್ಟು ಸೀರೆಯಲ್ಲಿ. ಕಂಕುಳಲ್ಲಿ ಕೂಸು, ಕೈಯಲ್ಲಿ ನೀರಿನ ಬಾಟಲಿ. ನಮಾಜು ಮುಗಿಸಿ ಹೊರಬರುವವರು ಚಪ್ಪಲಿ ಮೆಟ್ಟುವ ಮೊದಲು ಒಂದು ಗಳಿಗೆ ನಿಂತು, ತುಟಿಯಲ್ಲೇ ಏನೋ ಓದಿ, ಮಕ್ಕಳ ಮುಖದ ಮೇಲೆ ಮೆಲ್ಲಗೆ ಊದುತ್ತಾರೆ. ಬಾಟಲಿಯ ಮುಚ್ಚಳ ತೆಗೆಸಿ ನೀರಿಗೂ ಊದುತ್ತಾರೆ. ಇದಕ್ಕೆ ‘ದಮ್ ಮಾಡುವುದು’ ಎನ್ನುತ್ತಾರೆ. ಅರಬಿಯ ಹೆಸರು ರುಕ್ಯಾ.

ಓದುವುದು ಏನನ್ನು? ಬಹುಮಟ್ಟಿಗೆ ಕುರ್‌ಆನಿನ ಮೊದಲ ಅಧ್ಯಾಯ ‘ಫಾತಿಹಾ’ ಮತ್ತು ಕೊನೆಯ ಎರಡು ಅಧ್ಯಾಯಗಳಾದ ‘ಫಲಕ್’ ಮತ್ತು ‘ನಾಸ್’. 113ನೆಯದಾದ ಫಲಕ್‌ನಲ್ಲಿ ಐದೇ ವಾಕ್ಯಗಳು. ಬೆಳಗಿನ ಒಡೆಯನಾದ ದೇವರೇ, ನಿನ್ನ ಆಶ್ರಯಕ್ಕೆ ಬಂದಿದ್ದೇನೆ ಎಂಬ ಮೊರೆ ಅದು. ಕತ್ತಲೆಯ ಕೇಡಿನಿಂದ ಕಾಪಾಡು ಎನ್ನುತ್ತ ಹೋಗಿ, ಕಟ್ಟಕಡೆಗೆ ಕೇಳುವುದು ಅಸೂಯೆ ಪಡುವವನ ಕೇಡಿನಿಂದ ರಕ್ಷಣೆಯನ್ನು.

ಹೀಗೆ ಓದುವುದಕ್ಕೂ ಕಟ್ಟುಪಾಡುಗಳಿವೆ. ಇಬ್ನ್ ಹಜರ್ (1372–1449) ಎಂಬ ದೊಡ್ಡ ವಿದ್ವಾಂಸರು ಮೂರು ಷರತ್ತುಗಳನ್ನು ಹೇಳಿದ್ದಾರೆ. ಓದುವುದು ದೇವರ ಮಾತು ಅಥವಾ ದೇವರ ಹೆಸರಾಗಿರಬೇಕು. ಅರ್ಥವಾಗುವ ಭಾಷೆಯಲ್ಲಿರಬೇಕು. ಗುಣವಾಗುವುದು ಆ ಮಾತಿನಿಂದಲ್ಲ, ದೇವರಿಂದ ಎಂಬ ತಿಳಿವು ಇರಬೇಕು. ತಾಯತದ ವಿಷಯದಲ್ಲಿ ಮುಸ್ಲಿಂ ವಿದ್ವಾಂಸರಲ್ಲೇ ಒಮ್ಮತವಿಲ್ಲ. ದೇವರ ಮಾತು ಬರೆದಿದ್ದರೆ ಪರವಾಗಿಲ್ಲ ಎನ್ನುವವರಿದ್ದಾರೆ. ಯಾವುದನ್ನೂ ಕಟ್ಟಬಾರದು, ಕಟ್ಟಿದರೆ ನಂಬಿಕೆ ದಾರಕ್ಕೆ ಹೋಗುತ್ತದೆ ಎನ್ನುವವರೂ ಇದ್ದಾರೆ.

ಯಾರ ಕಣ್ಣು?

ಒಂದು ಮಳೆಗಾಲದ ಸಂಜೆ ನಾನು ಆ ಗೇಟಿನ ಬಳಿ ನಿಂತದ್ದು ನಮ್ಮ ಕಟ್ಟಡದ ಕೆಳಮನೆಯ ಅಜ್ಜಿಯ ಜೊತೆಗೆ. ಅವರ ಎಂಟು ತಿಂಗಳ ಮೊಮ್ಮಗು ನಾಲ್ಕು ದಿನದಿಂದ ರಾತ್ರಿಯಿಡೀ ಅಳುತ್ತಿತ್ತು, ಹಾಲು ಬಿಟ್ಟಿತ್ತು. ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿಯಾಗಿತ್ತು. ಪೊರಕೆ ಕಡ್ಡಿ ಸುಟ್ಟಾಗಿತ್ತು. ಅಜ್ಜಿಯ ಮನಸ್ಸಿನಲ್ಲಿ ಆಗಲೇ ತೀರ್ಪೂ ಆಗಿತ್ತು. ಎರಡನೇ ಮಹಡಿಯಲ್ಲಿ ಗಾರ್ಮೆಂಟ್ಸ್ ಕೆಲಸದ ಒಬ್ಬ ಹೆಣ್ಣುಮಗಳಿದ್ದಳು. ಮದುವೆಯಾಗಿ ಒಂಬತ್ತು ವರ್ಷ, ಮಕ್ಕಳಿಲ್ಲ. ಕೆಲಸದಿಂದ ಬಂದವಳು ಚೀಲ ಇಳಿಸುವ ಮೊದಲೇ ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಮಗು ಅಳಲು ಶುರುವಾದ ಎರಡನೇ ದಿನಕ್ಕೇ ಇವರ ಮನೆಯ ಬಾಗಿಲು ಅವಳಿಗೆ ಮುಚ್ಚಿತ್ತು. ಯಾರೂ ಬಾಯಿಬಿಟ್ಟು ಏನನ್ನೂ ಅನ್ನಲಿಲ್ಲ. ಆದರೂ ಅವಳಿಗೆ ಗೊತ್ತಾಗಿತ್ತು. ಮೆಟ್ಟಿಲಲ್ಲಿ ಮಗು ಎದುರಾಗಿ ಕೈಚಾಚಿದರೂ ನೆಲ ನೋಡಿಕೊಂಡು ಹತ್ತಿ ಹೋಗುತ್ತಿದ್ದಳು.

ಆ ಸಂಜೆ ಮಸೀದಿಯ ಹಜರತ್ತರು, ನಮಾಜು ಮಾಡಿಸುವ ವಯಸ್ಸಾದವರು, ಮಗುವಿಗೆ ಓದಿ ಊದಿದರು. ಅಜ್ಜಿ ತಡೆಯಲಾರದೆ, “ಮೇಲ್ಗಡೆ ಮನೆಯವಳ ಕಣ್ಣೇ ಸ್ವಾಮಿ. ಅವಳ ಹೆಸರು...” ಎಂದು ಶುರುಮಾಡಿದರು.

“ಹೆಸರು ಬೇಡಮ್ಮಾ” ಎಂದು ಹಜರತ್ತರು ಕೈ ಅಡ್ಡ ಹಿಡಿದರು. “ನೀವು ನೋಡಿಲ್ಲ, ನಾನೂ ನೋಡಿಲ್ಲ. ಬರೀ ಊಹೆ. ಊಹೆ ಕೂಡ ಕೆಲವು ಸಲ ಪಾಪ ಅಂತ ನಮ್ಮ ಕಿತಾಬ್‌ನಲ್ಲಿದೆ.” ಆಮೇಲೆ ಮಗುವನ್ನೇ ನೋಡುತ್ತ, “ಆಗಿನಿಂದ ಒಂದೇ ಕಿವಿ ಎಳ್ಕೊಳ್ತಿದೆ. ಡಾಕ್ಟರ್‌ಗೆ ತೋರಿಸಿದ್ರಾ?” ಎಂದರು. ತೋರಿಸಿರಲಿಲ್ಲ. “ನಾನು ಓದಿದ್ದು ದೇವರಿಗೆ ಬಿಟ್ಟಿದ್ದು. ಕಿವಿ ಡಾಕ್ಟರ್‌ಗೆ ಬಿಟ್ಟಿದ್ದು. ಇವತ್ತೇ ಹೋಗಿ ಅಮ್ಮಾ” ಎಂದರು. ಅಜ್ಜಿ ಸೆರಗಿನ ಗಂಟಿನಿಂದ ದುಡ್ಡು ತೆಗೆದರೆ, ಅದನ್ನು ಔಷಧಿಗೆ ಇಟ್ಟುಕೊಳ್ಳಿ ಎಂದು ವಾಪಸು ಕೊಟ್ಟರು.

ಆಟೊಗೆ ಕಾಯುವ ಹತ್ತು ನಿಮಿಷದಲ್ಲಿ ಅವರು ನಮಗೊಂದು ಹಳೆಯ ಪ್ರಸಂಗ ಹೇಳಿದರು. 8ನೇ ಶತಮಾನದಲ್ಲಿ ಮದೀನಾದ ಇಮಾಮ್ ಮಾಲಿಕರು ಕೂಡಿಸಿದ ‘ಮುವತ್ತಾ’ ಎಂಬ ಗ್ರಂಥದಲ್ಲಿ ಅದು ದಾಖಲಾಗಿದೆ. ಪೈಗಂಬರರ ಸಂಗಡಿಗರಲ್ಲಿ ಸಹ್ಲ್ ಎಂಬಾತ ಸ್ನಾನ ಮಾಡುತ್ತಿದ್ದ. ಅವನ ಗೆಳೆಯ ಆಮಿರ್ ಅದನ್ನು ನೋಡಿ, ಇಷ್ಟು ಚೆಂದದ ಮೈಬಣ್ಣವನ್ನು ನಾನು ಕಂಡೇ ಇಲ್ಲ ಎಂದು ಬೆರಗಿನಿಂದ ಹೇಳಿಬಿಟ್ಟ. ಸಹ್ಲ್ ಅಲ್ಲೇ ಕುಸಿದ, ಜ್ವರ ಹಿಡಿಯಿತು. ಪೈಗಂಬರರು ಆಮಿರ್‌ನನ್ನು ಕರೆಸಿ ಗದರಿದರು: ಮೆಚ್ಚಿದಾಗ ಒಳ್ಳೆಯದಾಗಲಿ ಎಂದು ಯಾಕೆ ಹರಸಲಿಲ್ಲ? ಆಮೇಲೆ ಆಮಿರ್‌ಗೆ ಒಂದು ಪಾತ್ರೆಯಲ್ಲಿ ಮುಖ, ಕೈ, ಮೊಣಕಾಲು, ಪಾದ ತೊಳೆಯಲು ಹೇಳಿದರು. ಆ ನೀರನ್ನು ಸಹ್ಲ್ ಮೇಲೆ ಸುರಿದರು. ಸಹ್ಲ್ ಎದ್ದು ಜನರೊಂದಿಗೆ ನಡೆದುಹೋದ.

“ಮದ್ದು ಯಾರ ಹತ್ತಿರ ಇತ್ತು ನೋಡಿ” ಎಂದರು ಹಜರತ್ತರು. “ನೋಡಿದವನ ಹತ್ತಿರಾನೇ ಇತ್ತು. ಅವನನ್ನ ಓಡಿಸಿದ್ರೆ ಮದ್ದೂ ಓಡಿಹೋಗ್ತಿತ್ತು.”

ಆ ರಾತ್ರಿಯೇ ಡಾಕ್ಟರು ಮಗುವಿನ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ, ಸೋಂಕಾಗಿದೆ ಎಂದರು. ಔಷಧಿ ಬಿದ್ದ ಮೂರನೇ ದಿನ ಮಗು ರಾತ್ರಿಯಿಡೀ ಮಲಗಿತು. ಮುಂದಿನ ಭಾನುವಾರ ಮೇಲಿನ ಮನೆಯವಳು ಬಕೆಟ್ ಹಿಡಿದು ಇಳಿದು ಬರುವಾಗ ಅಜ್ಜಿ ಬಾಗಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದರು. “ಬಾರಮ್ಮ, ಎತ್ಕೋ. ನಿನ್ನ ಬಾಯಿಂದ ಒಂದು ಒಳ್ಳೇ ಮಾತು ಹೇಳು” ಎಂದರು. ಅವಳು ಬಕೆಟ್ ಕೆಳಗಿಟ್ಟು ಮಗುವನ್ನು ತೆಗೆದುಕೊಂಡಳು. ತುಂಬ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, “ಚೆನ್ನಾಗಿರು ಕಂದಾ” ಎಂದಳು. ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋಗಿ ಅವಳಿಗೂ ಕಾಫಿ ತಂದರು.

ಕೆಂಡದ ಮೇಲಿನ ಪಟಿಕ

ಕಣ್ಣು ತಾಗುವುದು ನಿಜ ಎಂಬುದು ಇಸ್ಲಾಮಿನ ನಂಬಿಕೆ. ಬರೀ ನೋಟದಿಂದ ಕಾಯಿಲೆ ಬರುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಆಧಾರವಿಲ್ಲ. ನಂಬುವವರು ನಂಬಲಿ, ನಂಬದವರು ಬಿಡಲಿ. ಆದರೆ ‘ಯಾರ ಕಣ್ಣು’ ಎಂದು ಹುಡುಕಲು ಹೊರಟರೆ ಮನೆ ಮನೆಗೆ ಜಗಳ ಬರುವುದಂತೂ ಖಂಡಿತ. ಅದಕ್ಕೆ ಬಳಸುವ ಒಂದು ವಸ್ತುವನ್ನು ಮಕ್ಕಳು ತಿಳಿದಿರಬೇಕು: ಪಟಿಕ. ಕ್ಷೌರದಂಗಡಿಯಲ್ಲಿ ಗಡ್ಡ ತೆಗೆದ ಮೇಲೆ ಉಜ್ಜುವ ಬಿಳಿ ಕಲ್ಲು. ಉರ್ದುವಿನಲ್ಲಿ ಫಿಟ್ಕರಿ. ಮಗುವಿಗೆ ನೀವಾಳಿಸಿ ಕೆಂಡದ ಮೇಲಿಟ್ಟರೆ ಅದು ಕರಗಿ, ಉಬ್ಬಿ, ಒಂದು ವಿಚಿತ್ರ ಆಕಾರ ತಾಳುತ್ತದೆ. ಅದರಲ್ಲಿ ಕಣ್ಣು ಹಾಕಿದವರ ಮುಖ ಕಾಣುತ್ತದೆ ಎಂದು ಹಲವರು ಹೇಳುತ್ತಾರೆ.

ಉಬ್ಬುವುದೇಕೆ ಗೊತ್ತೇ? ಪಟಿಕದ ಹರಳಿನೊಳಗೆ ನೀರು ಸೇರಿಕೊಂಡಿರುತ್ತದೆ. ಅದರ ತೂಕದಲ್ಲಿ ಸುಮಾರು 45 ಭಾಗ, ನೂರಕ್ಕೆ, ನೀರೇ. ಬಿಸಿಗೆ ಆ ನೀರು ಆವಿಯಾಗಿ ಹೊರನುಗ್ಗುವಾಗ ಪಟಿಕ ಪುರಿಯಂತೆ ಅರಳುತ್ತದೆ. ಮೋಡದಲ್ಲಿ ಆನೆ ಕಂಡಂತೆ, ಅರಳಿದ ಪಟಿಕದಲ್ಲಿ ನಮಗೆ ಆಗದವರ ಮುಖ ಕಾಣುತ್ತದೆ. ಕಾಣುವ ಮುಖ ಕೆಂಡದ ಮೇಲಿರುವುದಿಲ್ಲ, ಮನಸ್ಸಿನಲ್ಲಿರುತ್ತದೆ.

14ನೇ ಶತಮಾನದ ಹೆಸರಾಂತ ಇತಿಹಾಸಕಾರ ಇಬ್ನ್ ಖಲ್ದೂನ್ (1332–1406) ಕೂಡ ಕಣ್ಣು ತಾಗುವುದನ್ನು ನಂಬಿದ್ದವರು. ಆದರೂ ಅವರು ಒಂದು ಭೇದ ಮಾಡಿದರು. ಮಾಟ ಮಾಡುವವನು ಬೇಕೆಂದೇ ಮಾಡುತ್ತಾನೆ. ಕಣ್ಣು ತಾಗಿಸುವವನಿಗೆ ಅದು ತನ್ನ ಇಚ್ಛೆಯಿಂದ ಆಗುವುದಲ್ಲ. ಆದ್ದರಿಂದ ಮಾಟಗಾರನಿಗೆ ಕೊಡುವ ಶಿಕ್ಷೆಯನ್ನು ಇವನಿಗೆ ಕೊಡುವಂತಿಲ್ಲ ಎಂದರು. ಆರುನೂರು ವರ್ಷದ ಹಿಂದೆ ಹೇಳಿದ ಈ ಮಾತು ನಮ್ಮ ಅಡ್ಡರಸ್ತೆಗಳಿಗೆ ಇಂದಿಗೂ ಬೇಕು.

ಅಜ್ಜ ಅಜ್ಜಿಯರಿಗೆ ಒಂದೆರಡು ಮಾತು. ಮಗುವಿನ ಕಣ್ಣು ಗುಳಿ ಬಿದ್ದು, ಬಾಯಿ ಒಣಗಿ, ಮೂತ್ರ ಕಡಿಮೆಯಾದರೆ ಅದು ಮೈಯಲ್ಲಿ ನೀರು ಕಡಿಮೆಯಾದ ಲಕ್ಷಣ. ದೃಷ್ಟಿ ತೆಗೆಯುತ್ತ ಕೂರಬೇಡಿ, ಆಸ್ಪತ್ರೆಗೆ ಓಡಿ. ಕೆಲವು ಬಗೆಯ ಸುರ್ಮಾ ಮತ್ತು ಅಂಗಡಿ ಕಾಡಿಗೆಯಲ್ಲಿ ಸೀಸವಿರುತ್ತದೆ. ಅದು ಕೂಸಿನ ಮಿದುಳಿಗೆ ಕೆಡುಕು, ಕಣ್ಣಿಗೆ ಹಚ್ಚಬೇಡಿ. ಕಾಯಿಲೆಗೆ ಔಷಧಿ ಮಾಡಿಸಿಕೊಳ್ಳಿ ಎಂದು ಪೈಗಂಬರರೇ ಹೇಳಿದ್ದಾರೆ ಎಂದು ಹದೀಸ್‌ನಲ್ಲಿದೆ. ಸಕಲ ಸಮಸ್ಯೆಗೂ ಪರಿಹಾರ ಎಂದು ಗೋಡೆಗೆ ಚೀಟಿ ಅಂಟಿಸಿ ಸಾವಿರಗಟ್ಟಲೆ ಕೇಳುವವರ ಜಾತಿ ಮತ ಯಾವುದಾದರೂ ದೂರವಿರಿ. ನಮ್ಮ ರಾಜ್ಯದಲ್ಲಿ ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳನ್ನು ತಡೆಯಲು 2017ರ ಕಾಯ್ದೆಯೇ ಇದೆ.

ಎರಡು ಬಗೆಯ ಆಸೆ

ಇಷ್ಟು ನಡೆದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಪಕ್ಕದ ಬೆಂಚಿನ ಗೆಳತಿಗೆ ಹೆಚ್ಚು ಅಂಕ ಬಂದಾಗ ಹೊಟ್ಟೆಯಲ್ಲಿ ಏನೋ ಚುರುಕ್ ಎನ್ನುತ್ತದಲ್ಲ, ಅದು ತಪ್ಪೇ? ಕನ್ನಡದಲ್ಲಿ ಅದಕ್ಕೆ ‘ಹೊಟ್ಟೆಕಿಚ್ಚು’ ಎಂಬ ತಕ್ಕ ಹೆಸರಿದೆ. ಕಿಚ್ಚು ಸುಡುವುದು ಹೊತ್ತುಕೊಂಡವರ ಹೊಟ್ಟೆಯನ್ನೇ. ಬೆಂಕಿ ಸೌದೆಯನ್ನು ಮುಗಿಸುವಂತೆ ಅಸೂಯೆ ಮಾಡಿದ ಪುಣ್ಯವನ್ನು ಮುಗಿಸುತ್ತದೆ ಎಂಬ ಹೋಲಿಕೆ ಹದೀಸ್‌ಗಳಲ್ಲೂ ಬರುತ್ತದೆ.

ಆದರೆ ಇಸ್ಲಾಮೀ ನೀತಿಶಾಸ್ತ್ರ ಇಲ್ಲಿ ಎರಡು ಪದಗಳನ್ನು ಬೇರೆ ಮಾಡುತ್ತದೆ. ಅವಳಿಗೆ ಸಿಕ್ಕಿದ್ದು ಹೋಗಲಿ ಎನ್ನುವುದು ‘ಹಸದ್’, ಅದು ಕೂಡದು. ಅವಳಿಗೆ ಸಿಕ್ಕಿದ್ದು ಅವಳಿಗಿರಲಿ, ನನಗೂ ಅಂಥದ್ದು ಸಿಗಲಿ ಎನ್ನುವುದು ‘ಗಿಬ್ತಾ’, ಅದು ತಪ್ಪಲ್ಲ. ಅದರಲ್ಲೂ ಇಬ್ಬರನ್ನು ಕಂಡು ಹಾಗೆ ಆಸೆಪಡಬಹುದು ಎಂದಿದ್ದಾರೆ: ಹಣವನ್ನು ಒಳ್ಳೆಯದಕ್ಕೆ ಖರ್ಚು ಮಾಡುವವನನ್ನು, ತನ್ನ ಅರಿವನ್ನು ಇತರರಿಗೆ ಕಲಿಸುವವನನ್ನು. ಇನ್ನು ಹೊಟ್ಟೆಕಿಚ್ಚು ಹತ್ತಿಕೊಂಡೇಬಿಟ್ಟರೆ? ಅದಕ್ಕೆ ಇಮಾಮ್ ಗಜಾಲಿ (1058–1111) ಹೇಳಿದ ಮದ್ದು ಸರಳ, ಆದರೆ ಕಹಿ. ಕಿಚ್ಚು ಏನು ಮಾಡು ಎನ್ನುತ್ತದೋ ಅದರ ತಿರುವುಮುರುವು ಮಾಡು. ಹಳಿಯಬೇಕು ಅನ್ನಿಸಿದರೆ ಹೊಗಳು. ಮುಖ ತಿರುಗಿಸಬೇಕು ಅನ್ನಿಸಿದರೆ ಹೋಗಿ ಮಾತಾಡಿಸು.

ಅಣ್ಣಂದಿರ ಅಸೂಯೆಯಿಂದ ಬಾವಿಗೆ ಬಿದ್ದ ಯೂಸುಫನ ಕಥೆ ಕುರ್‌ಆನಿನಲ್ಲಿದೆ. ಮಯಸಭೆಯಲ್ಲಿ ದಾಯಾದಿಗಳ ಸಿರಿ ಕಂಡು ಕುದಿದ ದುರ್ಯೋಧನನ ಕಥೆ ನಮ್ಮ ಮಹಾಭಾರತದಲ್ಲಿದೆ. ಆ ಕುದಿತದಿಂದ ಜೂಜು ಬಂತು, ಜೂಜಿನಿಂದ ದ್ರೌಪದಿಗೆ ಕಷ್ಟ ಬಂತು. ಆ ದ್ರೌಪದಿಯ ಹೆಸರಿನ ಬೆಂಗಳೂರು ಕರಗ ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಹೊರಟು, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುತ್ತದೆ. ದಾಸರಹಳ್ಳಿಯಿಂದ ಅದೇ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ಕಿಗೆ ಹೋಗಿ ಇಳಿದರೆ ಕಾಟನ್‌ಪೇಟೆ ದೂರವಿಲ್ಲ. ಬಿಡುವಾದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ಬನ್ನಿ.

ಮೆಟ್ರೊ ನಿಲ್ದಾಣಕ್ಕೆ ಮರಳುವ ದಾರಿಯಲ್ಲಿ ದಿನಸಿ ಅಂಗಡಿಯಲ್ಲಿ ರಾಗಿ ಕೊಳ್ಳುತ್ತಿದ್ದರೆ, ನಿಮ್ಮ ಅಜ್ಜಿಯನ್ನು ಒಂದು ವಿಷಯ ಕೇಳಿ ನೋಡಿ. ನಮ್ಮ ಹಳ್ಳಿಗಳ ಕಣದಲ್ಲಿ ಧಾನ್ಯ ಅಳೆಯುವಾಗ ಮೊದಲ ಸೇರಿಗೆ ‘ಒಂದು’ ಎನ್ನುತ್ತಿರಲಿಲ್ಲ, ‘ಲಾಭ’ ಎನ್ನುತ್ತಿದ್ದರು. ಲಾಭ, ಎರಡು, ಮೂರು ಎಂದು ಎಣಿಕೆ. ಉರ್ದು ಮಾತಾಡುವ ವ್ಯಾಪಾರಿಗಳಲ್ಲಿ ಆ ಮೊದಲ ಅಳತೆಗೆ ‘ಬರಕತ್’ ಎನ್ನುವ ವಾಡಿಕೆಯಿತ್ತು. ಬರಕತ್ ಎಂದರೆ ಸಮೃದ್ಧಿ, ದೇವರ ಕೃಪೆ. ಆಮಿರ್ ತನ್ನ ಗೆಳೆಯನಿಗೆ ಹೇಳಲು ಮರೆತದ್ದೂ ಇದೇ ಮಾತನ್ನು. ಅಳೆಯುವ ಮೊದಲು, ಎಣಿಸುವ ಮೊದಲು, ಹೋಲಿಸುವ ಮೊದಲು ಬಾಯಲ್ಲಿ ಬರಬೇಕಾದದ್ದು ಒಂದು ಹಾರೈಕೆ ಎಂದು ಎರಡೂ ಕಡೆಯ ಹಿರಿಯರಿಗೆ ಗೊತ್ತಿತ್ತು.

ನಾಳೆ ಗೆಳೆಯ ಹೊಸ ಸೈಕಲ್ ತಂದರೆ, ಬೆಲೆ ಎಷ್ಟು ಎಂದು ಕೇಳುವ ಮೊದಲು, “ಚೆನ್ನಾಗಿದೆ ಕಣೋ, ಹುಷಾರಾಗಿ ಓಡಿಸು” ಎನ್ನಿ. ಮುಸ್ಲಿಂ ಗೆಳೆಯನಾದರೆ “ಮಾಶಾ ಅಲ್ಲಾಹ್” ಎಂದು ನೋಡಿ, ಅವನ ಮುಖ ಅರಳುತ್ತದೆ. ಆಮೇಲೆ ಒಂದು ಸುತ್ತು ಕೊಡು ಎಂದು ಧಾರಾಳವಾಗಿ ಕೇಳಬಹುದು.